ಆಹಾರಕ್ರಮ ಮತ್ತು ವಿಷಕಾರಿ ಲೋಹಗಳು: ನಿಮ್ಮ ಊಟವನ್ನು ನೀವೇ ಲೆಕ್ಕ ಹಾಕಿ ತಿದ್ದಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಆಹಾರದಲ್ಲಿ ವಿಷಕಾರಿ ಲೋಹ ಪತ್ತೆಯಾಯಿತು ಎಂಬ ಸುದ್ದಿ ಬಂದಾಗಲೆಲ್ಲ ಯಾವುದಾದರೊಂದು ಪದಾರ್ಥ ಕಟಕಟೆಯಲ್ಲಿ ನಿಲ್ಲುತ್ತದೆ. ಒಮ್ಮೆ ಅಕ್ಕಿ, ಇನ್ನೊಮ್ಮೆ ಮೀನು, ಮತ್ತೊಮ್ಮೆ ಚಾಕೊಲೇಟು. ಸುದ್ದಿ ಓದಿದವರು ಆ ಪದಾರ್ಥವನ್ನು ಕೈಬಿಟ್ಟು ಬೇರೊಂದನ್ನು ಹಿಡಿಯುತ್ತಾರೆ. ಹಾಗೆ ಹಿಡಿದದ್ದರಲ್ಲಿ ಬೇರೊಂದು ಲೋಹ ಇರಬಹುದು ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಮೀನು ಬಿಟ್ಟವರಿಗೆ ಪಾದರಸ ತಗ್ಗುತ್ತದೆ, ಅದರ ಜಾಗಕ್ಕೆ ಬೀಜ ಮತ್ತು ಸೊಪ್ಪು ಬಂದರೆ ಕ್ಯಾಡ್ಮಿಯಂ ಏರುತ್ತದೆ. ಗೋಧಿ ಬಿಟ್ಟವರ ತಟ್ಟೆಗೆ ಅಕ್ಕಿ ಬರುತ್ತದೆ, ಅಕ್ಕಿಯ ಜೊತೆ ಆರ್ಸೆನಿಕ್ ಬರುತ್ತದೆ. ಲೋಹ ಸೊನ್ನೆಯಾಗಿರುವ ಆಹಾರಕ್ರಮ ಯಾವುದೂ ಇಲ್ಲ. ಆದ್ದರಿಂದ ಯಾವುದನ್ನು ತಿನ್ನಬಾರದು ಎಂದು ಕೇಳುವುದಕ್ಕಿಂತ, ನಾನು ಯಾವುದನ್ನು ಪದೇ ಪದೇ ತಿನ್ನುತ್ತಿದ್ದೇನೆ ಎಂದು ಕೇಳಿಕೊಳ್ಳುವುದು ಉಪಯುಕ್ತ. ಈ ಮಾರ್ಗದರ್ಶಿ ಆ ಪ್ರಶ್ನೆಯನ್ನೇ ಹಿಡಿದು ಸಾಗುತ್ತದೆ.

ಮೊದಲ ಹೆಜ್ಜೆ: ನಾಲ್ಕು ಲೋಹಗಳ ಸ್ವಭಾವವನ್ನು ಅರಿಯಿರಿ

ಆಹಾರದ ಮಟ್ಟಿಗೆ ಮುಖ್ಯವಾದವು ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ ಮತ್ತು ಪಾದರಸ. ರಸಾಯನಶಾಸ್ತ್ರದ ಪ್ರಕಾರ ಆರ್ಸೆನಿಕ್ ಪೂರ್ಣ ಲೋಹವಲ್ಲ, ಆದರೆ ಆಹಾರ ಸುರಕ್ಷತೆಯ ಚರ್ಚೆಯಲ್ಲಿ ಅದನ್ನು ಈ ಗುಂಪಿಗೇ ಸೇರಿಸುತ್ತಾರೆ. ಇವು ಎಲ್ಲಿಂದ ಬರುತ್ತವೆ ಎಂಬುದರಷ್ಟೇ, ದೇಹದಲ್ಲಿ ಎಷ್ಟು ಕಾಲ ಉಳಿಯುತ್ತವೆ ಎಂಬುದೂ ಮುಖ್ಯ. ಏಕೆಂದರೆ ನೀವು ಕೈಗೊಳ್ಳುವ ಕ್ರಮದ ಫಲ ಯಾವಾಗ ಕಾಣಿಸುತ್ತದೆ ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ಅಪಾಯಕಾರಿಯಾದದ್ದು ನಿರವಯವ ರೂಪದ, ಅಂದರೆ ಇಂಗಾಲದೊಂದಿಗೆ ಬೆಸೆದುಕೊಂಡಿರದ ಆರ್ಸೆನಿಕ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿಗೆ ಸೇರಿಸಿದೆ. ಕುಡಿಯುವ ನೀರು ಮತ್ತು ಅಕ್ಕಿ ಇದರ ದೊಡ್ಡ ಮೂಲಗಳು. ದೇಹವು ಇದನ್ನು ಮಾರ್ಪಡಿಸಿ ಕೆಲವೇ ದಿನಗಳಲ್ಲಿ ಮೂತ್ರದ ಮೂಲಕ ಹೊರಹಾಕುತ್ತದೆ. ಹಾಗಾಗಿ ಊಟ ಬದಲಾದರೆ ಮೂತ್ರದಲ್ಲಿನ ಅಳತೆಯೂ ಬೇಗ ಬದಲಾಗುತ್ತದೆ. ಮೀನು ಮತ್ತು ಸೀಗಡಿಯಲ್ಲಿ ಒಟ್ಟು ಆರ್ಸೆನಿಕ್ ಪ್ರಮಾಣ ದೊಡ್ಡದಾಗಿ ಕಾಣುವುದುಂಟು, ಆದರೆ ಅದರ ಬಹುಪಾಲು ಆರ್ಸೆನೊಬೀಟೈನ್ ಎಂಬ ರೂಪದಲ್ಲಿದ್ದು, ದೇಹದಲ್ಲಿ ಬದಲಾಗದೆ ಹೊರಹೋಗುತ್ತದೆ.

ಕ್ಯಾಡ್ಮಿಯಂ ಇದಕ್ಕೆ ತದ್ವಿರುದ್ಧ. ಕರುಳು ಹೀರಿಕೊಳ್ಳುವುದು ತಿಂದದ್ದರಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಮಾತ್ರ, ಆದರೆ ಒಮ್ಮೆ ಮೂತ್ರಪಿಂಡವನ್ನು ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷಗಳು ಬೇಕು. ಇಲ್ಲಿ ತಡವಾಗಿ ಎಚ್ಚೆತ್ತರೆ ಪ್ರಯೋಜನ ಕಡಿಮೆ. ಸೇರದಂತೆ ನೋಡಿಕೊಳ್ಳುವುದೊಂದೇ ದಾರಿ.

ಸೀಸವು ರಕ್ತದಲ್ಲಿ ಸುಮಾರು ಒಂದು ತಿಂಗಳಲ್ಲಿ ಅರ್ಧವಾಗುತ್ತದೆ; ಮೂಳೆಯಲ್ಲಿ ದಶಕಗಳ ಕಾಲ ಕುಳಿತಿರುತ್ತದೆ. ಗರ್ಭಾವಸ್ಥೆ, ಎದೆಹಾಲೂಡಿಸುವ ಕಾಲ, ಮುಟ್ಟು ನಿಂತ ನಂತರದ ವರ್ಷಗಳು, ಹೀಗೆ ಮೂಳೆ ಕರಗುವ ಸಂದರ್ಭಗಳಲ್ಲಿ ಅದು ಮರಳಿ ರಕ್ತಕ್ಕೆ ಬರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞ ಸಮಿತಿಯು ಸೀಸಕ್ಕೆ ಹಿಂದೆ ಇಟ್ಟಿದ್ದ ಸಾಪ್ತಾಹಿಕ ಮಿತಿಯನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಆರೋಗ್ಯವನ್ನು ಕಾಪಾಡುತ್ತದೆ ಎಂದು ಹೇಳಬಹುದಾದ ಯಾವ ಮಟ್ಟವನ್ನೂ ಗುರುತಿಸಲು ಸಾಧ್ಯವಾಗದಿದ್ದುದೇ ಅದಕ್ಕೆ ಕಾರಣ.

ಪಾದರಸದಲ್ಲಿ ಆಹಾರಕ್ಕೆ ಸಂಬಂಧಪಟ್ಟದ್ದು ಮೀಥೈಲ್ ಪಾದರಸ, ಅದರ ಮೂಲ ಹೆಚ್ಚುಕಡಿಮೆ ಮೀನೊಂದೇ. ಚಿಕ್ಕ ಮೀನನ್ನು ದೊಡ್ಡ ಮೀನು, ಅದನ್ನು ಇನ್ನೂ ದೊಡ್ಡದು ತಿನ್ನುತ್ತ ಹೋದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ತಿಂದದ್ದರಲ್ಲಿ ನೂರಕ್ಕೆ 95 ಪಾಲು ದೇಹವನ್ನು ಸೇರುತ್ತದೆ, ರಕ್ತದಲ್ಲಿ ಅರ್ಧವಾಗಲು ಸುಮಾರು 50 ದಿನ ಹಿಡಿಯುತ್ತದೆ.

ಎರಡನೆಯ ಹೆಜ್ಜೆ: ಎರಡು ವಾರ ತಿಂದದ್ದನ್ನು ಬರೆದಿಡಿ

ಪೋಷಕಾಂಶಗಳ ಪಟ್ಟಿ ಇಲ್ಲಿ ಬೇಕಾಗಿಲ್ಲ. ಮುಖ್ಯ ಧಾನ್ಯ ಯಾವುದು, ದಿನಕ್ಕೆ ಎಷ್ಟು ಹೊತ್ತು ಅದನ್ನೇ ಉಣ್ಣುತ್ತೀರಿ, ಯಾವ ಜಾತಿಯ ಮೀನು, ಬೀಜಗಳು ಮತ್ತು ಕೋಕೋ ಪದಾರ್ಥಗಳು ಎಷ್ಟು ಗ್ರಾಂ, ಪ್ರೋಟೀನ್ ಪುಡಿ ಅಥವಾ ಬೇರೆ ಪೂರಕಗಳು ಇವೆಯೇ, ನೀರು ಎಲ್ಲಿಂದ ಬರುತ್ತದೆ, ಹುಳಿ ಪದಾರ್ಥಗಳನ್ನು ಯಾವ ಪಾತ್ರೆಯಲ್ಲಿ ಬೇಯಿಸುತ್ತೀರಿ: ಇಷ್ಟನ್ನು ಬರೆದರೆ ಸಾಕು. ಒಂದು ವಾರದ ಬರಹ ಸಾಲದು, ಏಕೆಂದರೆ ಮೀನು ಮತ್ತು ಚಾಕೊಲೇಟಿನಂಥವು ಒಂದು ವಾರ ಬಾರದೆ ಮುಂದಿನ ವಾರ ಮೂರು ಸಲ ಬರಬಹುದು. ಬರೆದಾದ ಮೇಲೆ ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಂದಿರುವ ಪದಾರ್ಥಗಳಿಗೆ ಗೆರೆ ಎಳೆಯಿರಿ. ಮುಂದಿನ ಹೆಜ್ಜೆಗಳಲ್ಲಿ ಲೆಕ್ಕ ಹಾಕಬೇಕಾದದ್ದು ಮುಖ್ಯವಾಗಿ ಅವುಗಳದ್ದು. ಮೀನು ಮಾತ್ರ ಇದಕ್ಕೆ ಅಪವಾದ. ಅದರ ಕಾರಣ ಈಗಲೇ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಸರಳ ಗುಣಾಕಾರವೊಂದನ್ನು ಕಲಿತುಕೊಳ್ಳಿ

ಪ್ರಯೋಗಾಲಯದ ವರದಿಗಳು ಲೋಹದ ಪ್ರಮಾಣವನ್ನು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ. ಆ ಸಂಖ್ಯೆಯನ್ನು ನೀವು ತಿಂದ ಗ್ರಾಂಗಳಿಂದ ಗುಣಿಸಿದರೆ ಉತ್ತರ ನೇರವಾಗಿ ಮೈಕ್ರೋಗ್ರಾಂಗಳಲ್ಲಿ (ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು) ಬರುತ್ತದೆ. ಅದನ್ನು ನಿಮ್ಮ ದೇಹತೂಕಕ್ಕೆ ನಿಗದಿಯಾದ ಮಿತಿಯೊಂದಿಗೆ ಹೋಲಿಸಬೇಕು, ಅಷ್ಟೇ.

ಪಾದರಸದಿಂದ ಆರಂಭಿಸೋಣ. ಯುರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರವು 2012ರಲ್ಲಿ ಮೀಥೈಲ್ ಪಾದರಸಕ್ಕೆ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.3 ಮೈಕ್ರೋಗ್ರಾಂ ಎಂದು ನಿಗದಿಪಡಿಸಿದೆ. 60 ಕಿಲೋ ತೂಕದವರಿಗೆ ಇದು ವಾರಕ್ಕೆ 78 ಮೈಕ್ರೋಗ್ರಾಂ ಆಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾಪನಗಳಲ್ಲಿ ಸ್ವೋರ್ಡ್‌ಫಿಶ್‌ನ ಸರಾಸರಿ ಪಾದರಸ ಕಿಲೋಗೆ 0.995 ಮಿಲಿಗ್ರಾಂ, 150 ಗ್ರಾಂ ತಿಂದರೆ ಸುಮಾರು 149 ಮೈಕ್ರೋಗ್ರಾಂ, ಅಂದರೆ ಒಂದೇ ಊಟದಲ್ಲಿ ಹೆಚ್ಚುಕಡಿಮೆ ಎರಡು ವಾರಗಳ ಪಾಲು ಮುಗಿಯಿತು. ಅದೇ ಪಟ್ಟಿಯಲ್ಲಿ ಸಾರ್ಡೀನ್ ಮೀನಿನ ಸರಾಸರಿ 0.013, ಅದನ್ನು 150 ಗ್ರಾಂ ತಿಂದರೆ ಎರಡು ಮೈಕ್ರೋಗ್ರಾಂ ಮಾತ್ರ. ಎರಡೂ ಮೀನೇ, ಆದರೆ ಅಂತರ 70 ಪಟ್ಟಿಗಿಂತ ಹೆಚ್ಚು. ಹೀಗಿರುವಾಗ ಮೀನು ಒಳ್ಳೆಯದೇ ಕೆಟ್ಟದೇ ಎಂಬ ವಾದಕ್ಕೆ ಅರ್ಥವಿಲ್ಲ. ಅಪರೂಪಕ್ಕೊಮ್ಮೆ ತಿಂದ ಮೀನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದೂ ಇದಕ್ಕಾಗಿಯೇ.

ಕ್ಯಾಡ್ಮಿಯಂಗೆ ಅದೇ ಪ್ರಾಧಿಕಾರ ಇಟ್ಟಿರುವ ಮಿತಿ ಪ್ರತಿ ಕಿಲೋ ದೇಹತೂಕಕ್ಕೆ ವಾರಕ್ಕೆ 2.5 ಮೈಕ್ರೋಗ್ರಾಂ, 60 ಕಿಲೋ ತೂಕದವರಿಗೆ 150. ಐರೋಪ್ಯ ಒಕ್ಕೂಟವು ಸೂರ್ಯಕಾಂತಿ ಬೀಜ ಮತ್ತು ಅಗಸೆ ಬೀಜದಲ್ಲಿ ಕಿಲೋಗೆ 0.50 ಮಿಲಿಗ್ರಾಂವರೆಗೆ, ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಕೋಕೋ ಇರುವ ಚಾಕೊಲೇಟಿನಲ್ಲಿ 0.80 ಮಿಲಿಗ್ರಾಂವರೆಗೆ ಕ್ಯಾಡ್ಮಿಯಂಗೆ ಅವಕಾಶ ಕೊಟ್ಟಿದೆ. ಈ ಗರಿಷ್ಠ ಮಟ್ಟದಲ್ಲಿರುವ ಬೀಜವನ್ನು ದಿನಕ್ಕೆ 30 ಗ್ರಾಂನಂತೆ ತಿಂದರೆ ವಾರಕ್ಕೆ 105 ಮೈಕ್ರೋಗ್ರಾಂ, ಅಂಥ ಚಾಕೊಲೇಟನ್ನು ದಿನಕ್ಕೆ 25 ಗ್ರಾಂನಂತೆ ತಿಂದರೆ ವಾರಕ್ಕೆ 140 ಮೈಕ್ರೋಗ್ರಾಂ. ಮಾರುಕಟ್ಟೆಯ ಬಹಳಷ್ಟು ಸರಕಿನಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ ಇರುತ್ತದೆ, ನಿಜ. ಆದರೂ ಕಾನೂನಿನ ಮಿತಿಯೊಳಗೇ ಇರುವ ಎರಡು ಪದಾರ್ಥಗಳು ಕೂಡಿದರೆ ಮಿತಿ ದಾಟಬಲ್ಲದು ಎಂಬುದನ್ನು ಗಮನಿಸಿ. ಉಳಿದ ಧಾನ್ಯ, ಗೆಡ್ಡೆ, ಸೊಪ್ಪುಗಳ ಪಾಲನ್ನು ನಾವಿನ್ನೂ ಸೇರಿಸಿಯೇ ಇಲ್ಲ.

ಅಕ್ಕಿಯ ವಿಷಯಕ್ಕೆ ಬಂದರೆ, ಅಮೆರಿಕದ ಅದೇ ಆಡಳಿತದ 2016ರ ವರದಿಯಲ್ಲಿ ನಿರವಯವ ಆರ್ಸೆನಿಕ್‌ನ ಸರಾಸರಿ ಬಿಳಿ ಅಕ್ಕಿಯಲ್ಲಿ ಕಿಲೋಗೆ 92 ಮೈಕ್ರೋಗ್ರಾಂ (ಅಂದರೆ 0.092 ಮಿಲಿಗ್ರಾಂ), ಕಂದು ಅಕ್ಕಿಯಲ್ಲಿ 154. ದಿನಕ್ಕೆ 100 ಗ್ರಾಂ ಬಿಳಿ ಅಕ್ಕಿ ಬೇಯಿಸಿ ಉಣ್ಣುವವರಿಗೆ ಸುಮಾರು 9 ಮೈಕ್ರೋಗ್ರಾಂ ಸೇರುತ್ತದೆ. ಯುರೋಪಿಯನ್ ಪ್ರಾಧಿಕಾರವು 2024ರಲ್ಲಿ ಗುರುತಿಸಿದ ಹೋಲಿಕೆಯ ಬಿಂದು ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.06 ಮೈಕ್ರೋಗ್ರಾಂ, ಅಂದರೆ 60 ಕಿಲೋಗೆ 3.6. ಇದು ಇಲ್ಲಿಯವರೆಗೆ ಸುರಕ್ಷಿತ ಎಂದು ಸಾರುವ ಗಡಿಯಲ್ಲ, ಅಪಾಯವನ್ನು ಅಳೆಯಲು ಬಳಸುವ ಗುರುತು. ಆದರೂ ಅಕ್ಕಿಯನ್ನು ಎರಡು ಮೂರು ಹೊತ್ತು ಉಣ್ಣುವವರು ಬೇಯಿಸುವ ವಿಧಾನವನ್ನು ಬದಲಿಸಲು ಇಷ್ಟು ಕಾರಣ ಸಾಕೆಂದು ನನ್ನ ಅಭಿಪ್ರಾಯ.

ನಾಲ್ಕನೆಯ ಹೆಜ್ಜೆ: ನಿಮ್ಮ ಆಹಾರಕ್ರಮದ ದುರ್ಬಲ ಜಾಗವನ್ನು ಗುರುತಿಸಿ

ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲಿನ ಪದಾರ್ಥವನ್ನೂ ಬಿಟ್ಟವರಲ್ಲಿ, ಪಾದರಸ ತೀರ ಕಡಿಮೆ, ಚಿಂತಿಸಬೇಕಾದದ್ದು ಕ್ಯಾಡ್ಮಿಯಂ. ಬೇರಿನ ಮೂಲಕ ಗಿಡದೊಳಕ್ಕೆ ಸುಲಭವಾಗಿ ಏರುವ ಲೋಹವಿದು, ಫಾಸ್ಫೇಟ್ ಗೊಬ್ಬರದ ಜೊತೆಯೂ ಮಣ್ಣನ್ನು ಸೇರುತ್ತದೆ. ಸಸ್ಯಾಹಾರಿಗಳ ಸೇವನೆ ಸಾಪ್ತಾಹಿಕ ಮಿತಿಯ ಸುಮಾರು ಎರಡು ಪಟ್ಟು ತಲುಪಬಹುದೆಂದು ಯುರೋಪಿಯನ್ ಪ್ರಾಧಿಕಾರವೇ ಹೇಳಿದೆ. ಆದರೆ ಬಾಯಿಗೆ ಹೋದದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಸ್ವೀಡನ್‌ನ ಮಹಿಳೆಯರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವು, ಆಹಾರದ ಕ್ಯಾಡ್ಮಿಯಂ ಹೀರಿಕೆಯು ದೇಹದ ಕಬ್ಬಿಣದ ಸಂಗ್ರಹವನ್ನೂ ನಾರಿನ ಸೇವನೆಯನ್ನೂ ಅವಲಂಬಿಸಿದೆ ಎಂದು ತೋರಿಸಿತು. ಧಾನ್ಯದ ನಾರು ಮತ್ತು ಧಾನ್ಯ, ಕಾಳುಗಳಲ್ಲಿ ಸಹಜವಾಗಿರುವ ಫೈಟೇಟ್ ಎಂಬ ಸಂಯುಕ್ತ ಕ್ಯಾಡ್ಮಿಯಂ ಅನ್ನು ಒಂದಿಷ್ಟು ಹಿಡಿದಿಡುತ್ತವೆ. ಅದೇ ಫೈಟೇಟ್ ಕಬ್ಬಿಣವನ್ನೂ ಹಿಡಿದಿಡುತ್ತದೆ, ಕಬ್ಬಿಣ ಕಡಿಮೆಯಾದರೆ ಕ್ಯಾಡ್ಮಿಯಂ ಹೀರಿಕೆ ಏರುತ್ತದೆ. ಹೀಗಾಗಿ ಸಸ್ಯಾಹಾರಿಗೆ ಲೋಹದ ಪ್ರಶ್ನೆಯು ಬಹುಮಟ್ಟಿಗೆ ಕಬ್ಬಿಣದ ಪ್ರಶ್ನೆಯೇ ಆಗಿಬಿಡುತ್ತದೆ.

ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನನ್ನು ಬಿಟ್ಟವರ ಸ್ಥಿತಿ ಬೇರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಗ್ಲುಟನ್ ಇಲ್ಲದ ಆಹಾರ ತಿನ್ನುತ್ತೇವೆ ಎಂದವರ ಮೂತ್ರದಲ್ಲಿ ಒಟ್ಟು ಆರ್ಸೆನಿಕ್ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು, ರಕ್ತದಲ್ಲಿ ಪಾದರಸ ಸುಮಾರು ಶೇಕಡಾ 70ರಷ್ಟು ಹೆಚ್ಚು ಕಂಡುಬಂತು. ಬ್ರೆಡ್ಡು, ಬಿಸ್ಕತ್ತು, ಸೇವಿಗೆ ಎಲ್ಲದಕ್ಕೂ ಅಕ್ಕಿ ಹಿಟ್ಟೇ ಬದಲಿಯಾಗುವುದು ಆರ್ಸೆನಿಕ್ ಏರಿಕೆಗೆ ಸಹಜ ವಿವರಣೆ. ಗ್ಲುಟನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರು ಅದನ್ನು ಬಿಡಲೇಬೇಕು, ಅದರಲ್ಲಿ ರಾಜಿಯಿಲ್ಲ. ಬದಲಿ ಧಾನ್ಯಗಳಲ್ಲಿ ಸಿರಿಧಾನ್ಯ, ಜೋಳ, ಕಿನೋವಾಗಳನ್ನೂ ಸರದಿಯಂತೆ ಬಳಸಿದರೆ ಅಕ್ಕಿಯ ಪಾಲು ತಾನಾಗಿ ಇಳಿಯುತ್ತದೆ.

ಮೀನನ್ನೇ ಮುಖ್ಯ ಪ್ರೋಟೀನಾಗಿ ಮಾಡಿಕೊಂಡವರಿಗೆ ಮೇಲಿನ ಲೆಕ್ಕವೇ ಉತ್ತರ. ಇದರ ಜೊತೆ ಕಡಲಕಳೆ ತಿನ್ನುವವರು ಹಿಜಿಕಿ ಎಂಬ ಕಪ್ಪು ಬಗೆಯನ್ನು ಬಿಡುವುದು ಒಳ್ಳೆಯದು. ಅದರಲ್ಲಿ ನಿರವಯವ ಆರ್ಸೆನಿಕ್ ಹೆಚ್ಚಿರುವುದರಿಂದ ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ 2004ರಲ್ಲೇ ಅದನ್ನು ತಿನ್ನದಂತೆ ಸಲಹೆ ನೀಡಿತು. ಮಾಂಸಪ್ರಧಾನ ಆಹಾರದಲ್ಲಿ ಸ್ನಾಯುಭಾಗ ಲೋಹದ ದೃಷ್ಟಿಯಿಂದ ಹೆಚ್ಚು ತೊಂದರೆ ಕೊಡುವುದಿಲ್ಲ, ಆದರೆ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಪ್ರಾಣಿ ಬದುಕಿದ್ದಷ್ಟು ಕಾಲ ಕೂಡಿದ ಕ್ಯಾಡ್ಮಿಯಂ ಇರುತ್ತದೆ. ಏಡಿಯ ಒಳಗಿನ ಕಂದು ಭಾಗಕ್ಕೂ ಇದೇ ಮಾತು. ಸೀಸದ ಗುಂಡಿನಿಂದ ಬೇಟೆಯಾಡಿದ ಮಾಂಸದಲ್ಲಿ ಗಾಯದ ಸುತ್ತ ಕಣ್ಣಿಗೆ ಕಾಣದ ಚೂರುಗಳು ಉಳಿದಿರುತ್ತವೆ.

ಉಪವಾಸ ಮಾಡುವವರ ಬಗ್ಗೆ ಯಾರೂ ಹೆಚ್ಚಾಗಿ ಮಾತಾಡುವುದಿಲ್ಲ. ವಯಸ್ಕರು ಊಟದ ಜೊತೆ ಸೇವಿಸಿದ ಸೀಸದಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಹೀರಿಕೊಂಡರೆ, ಬರಿಹೊಟ್ಟೆಯಲ್ಲಿ ಅದು 60ರ ಹತ್ತಿರ ಹೋಗಬಲ್ಲದು. ದಿನದ ಬಹುಭಾಗ ಬರಿಹೊಟ್ಟೆಯಲ್ಲಿದ್ದು ನೀರು, ಚಹಾ, ಕಷಾಯ ಮಾತ್ರ ಕುಡಿಯುವವರು ಆ ನೀರು ಮತ್ತು ಪಾತ್ರೆಗಳ ಬಗ್ಗೆ ಉಳಿದವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು.

ಪ್ರೋಟೀನ್ ಪುಡಿಗಳಲ್ಲಿ ಸಸ್ಯಮೂಲದವು ಮತ್ತು ಚಾಕೊಲೇಟ್ ರುಚಿಯವು ಪರೀಕ್ಷೆಗಳಲ್ಲಿ ಹಾಲಿನ ಮೂಲದವಕ್ಕಿಂತ ಹೆಚ್ಚು ಲೋಹ ತೋರಿಸುತ್ತ ಬಂದಿವೆ. ದಿನವೂ ಎರಡು ಚಮಚ ಬಳಸುವವರು ತಯಾರಿಕೆಯ ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನು ಬಹಿರಂಗಪಡಿಸುವ ತಯಾರಕರನ್ನೇ ಆರಿಸಲಿ. ನನ್ನನ್ನು ಕೇಳಿದರೆ, ಬೇಳೆಕಾಳಿನಿಂದ ಸಿಗುವ ಪ್ರೋಟೀನಿಗೆ ಪುಡಿಯ ಹಂಗೇ ಬೇಕಾಗಿಲ್ಲ.

ಐದನೆಯ ಹೆಜ್ಜೆ: ಅಕ್ಕಿ ಬೇಯಿಸುವ ವಿಧಾನವನ್ನು ಬದಲಿಸಿ

ಭತ್ತ ಬೆಳೆಯುವುದು ನಿಂತ ನೀರಿನಲ್ಲಿ. ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಮಣ್ಣಿಗೆ ಅಂಟಿದ ಆರ್ಸೆನಿಕ್ ಸಡಿಲಗೊಳ್ಳುತ್ತದೆ, ಸಿಲಿಕಾನ್ ಹೀರಲು ಗಿಡ ಇಟ್ಟುಕೊಂಡ ದಾರಿಯಲ್ಲೇ ಅದು ಒಳಸೇರುತ್ತದೆ. ಇದಕ್ಕೂ ರಾಸಾಯನಿಕ ಗೊಬ್ಬರಕ್ಕೂ ನೇರ ಸಂಬಂಧವಿಲ್ಲದ್ದರಿಂದ ಸಾವಯವ ಕೃಷಿಯ ಅಕ್ಕಿಯಲ್ಲಿ ಆರ್ಸೆನಿಕ್ ಕಡಿಮೆ ಇರುತ್ತದೆ ಎಂದು ಭಾವಿಸಲು ಕಾರಣವಿಲ್ಲ. ತೌಡಿನ ಪದರದಲ್ಲಿ ಸಾಂದ್ರತೆ ಹೆಚ್ಚು. ಆದ್ದರಿಂದ ಕಂದು ಅಕ್ಕಿಯಲ್ಲಿ ನಾರು ಹೆಚ್ಚಿರುವಂತೆ ಆರ್ಸೆನಿಕ್ ಕೂಡ ಹೆಚ್ಚು.

ಸುಲಭವಾದ ಉಪಾಯವೆಂದರೆ ಒಂದು ಪಾಲು ಅಕ್ಕಿಗೆ ಆರರಿಂದ ಹತ್ತು ಪಾಲು ನೀರು ಹಾಕಿ ಬೇಯಿಸಿ, ಗಂಜಿ ಬಸಿದು ಚೆಲ್ಲುವುದು. ಹೀಗೆ ಮಾಡಿದರೆ ನಿರವಯವ ಆರ್ಸೆನಿಕ್ ಶೇಕಡಾ 40ರಿಂದ 60ರಷ್ಟು ಇಳಿಯುತ್ತದೆ, ಆದರೆ ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳೂ ಬಸಿದುಹೋಗುತ್ತವೆ. ಈ ನಷ್ಟವನ್ನು ತಗ್ಗಿಸಲು ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇನ್ನೊಂದು ವಿಧಾನವನ್ನು ಪರೀಕ್ಷಿಸಿದರು. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರನ್ನು ಮೊದಲೇ ಕುದಿಸಿ, ಅಕ್ಕಿ ಹಾಕಿ ಐದು ನಿಮಿಷ ಬೇಯಿಸಿ, ಆ ನೀರನ್ನು ಪೂರ್ತಿ ಚೆಲ್ಲಬೇಕು. ಬಳಿಕ ಎರಡು ಲೋಟ ಹೊಸ ನೀರು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಬೇಯಿಸಬೇಕು. ಇದರಿಂದ ಕಂದು ಅಕ್ಕಿಯ ಆರ್ಸೆನಿಕ್ ಅರ್ಧಕ್ಕಿಂತ ಹೆಚ್ಚು, ಬಿಳಿ ಅಕ್ಕಿಯದು ನಾಲ್ಕರಲ್ಲಿ ಮೂರು ಪಾಲಿನಷ್ಟು ಹೋಯಿತು. ಕೇವಲ ತೊಳೆಯುವುದರಿಂದ ಆಗುವ ಲಾಭ ಅಲ್ಪ.

ಒಂದು ಎಚ್ಚರಿಕೆ: ಇವೆಲ್ಲ ಫಲ ಕೊಡುವುದು ನೀರು ಶುದ್ಧವಾಗಿದ್ದಾಗ ಮಾತ್ರ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ಕೊಳವೆಬಾವಿಯ ನೀರಿನಲ್ಲಿ ಅದು ಇದಕ್ಕಿಂತ ಹೆಚ್ಚಿದ್ದರೆ ಅಕ್ಕಿಯೇ ನೀರಿನಿಂದ ಅದನ್ನು ಹೀರಿಕೊಳ್ಳುತ್ತದೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ಲೋಹ ಉಳಿಯುತ್ತದೆ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಆರನೆಯ ಹೆಜ್ಜೆ: ಮೀನಿನ ಜಾತಿಯನ್ನು ಬದಲಿಸಿ, ಮೀನನ್ನು ಬಿಡಬೇಡಿ

ಮೀಥೈಲ್ ಪಾದರಸ ಮೀನಿನ ಮಾಂಸದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಚರ್ಮ ಸುಲಿದರೂ, ಕೊಬ್ಬು ತೆಗೆದರೂ, ಹುರಿದರೂ ಅದು ಹೋಗುವುದಿಲ್ಲ. ಆಯ್ಕೆಯೊಂದೇ ಉಪಾಯ. ಶಾರ್ಕ್, ಸ್ವೋರ್ಡ್‌ಫಿಶ್, ಮಾರ್ಲಿನ್, ಕಿಂಗ್ ಮ್ಯಾಕೆರೆಲ್, ದೊಡ್ಡಕಣ್ಣಿನ ಟ್ಯೂನಾಗಳಂಥ ದೊಡ್ಡ ಬೇಟೆಗಾರ ಮೀನುಗಳನ್ನು ಬಿಟ್ಟು ಸಾರ್ಡೀನ್, ಆಂಚೊವಿ, ಸಾಲ್ಮನ್, ಸೀಗಡಿಗಳ ಕಡೆ ಹೊರಳಿ. ಗರ್ಭಿಣಿಯರಿಗೂ ಅಮೆರಿಕದ ಅಧಿಕೃತ ಸಲಹೆ ಮೀನು ಬಿಡಿ ಎಂದಲ್ಲ, ಕಡಿಮೆ ಪಾದರಸದ ಮೀನನ್ನು ವಾರಕ್ಕೆ ಎರಡು ಮೂರು ಬಾರಿ ತಿನ್ನಿ ಎಂದು. ಒಮೇಗಾ-3 ಕೊಬ್ಬು ಭ್ರೂಣದ ಮಿದುಳಿಗೆ ಬೇಕಾದದ್ದು.

ಏಳನೆಯ ಹೆಜ್ಜೆ: ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯನ್ನು ಸರಿಪಡಿಸಿ

ಕಬ್ಬಿಣವನ್ನು ಒಳಗೆ ಬಿಡುವ ಕರುಳಿನ ದ್ವಾರವೇ ಕ್ಯಾಡ್ಮಿಯಂ ಮತ್ತು ಸೀಸವನ್ನೂ ಬಿಟ್ಟುಕೊಳ್ಳುತ್ತದೆ. ಕಬ್ಬಿಣ ಸಾಲದಾದಾಗ ದೇಹವು ಆ ದ್ವಾರಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಬರಬೇಕಾದವರಿಗಾಗಿ ತೆರೆದ ಬಾಗಿಲಲ್ಲಿ ಬೇಡದವರೂ ನುಗ್ಗಿದಂತೆ ಆಗುತ್ತದೆ. ಋತುಸ್ರಾವದಿಂದ ಕಬ್ಬಿಣ ಕಳೆದುಕೊಳ್ಳುವ ಮಹಿಳೆಯರಲ್ಲಿ ಪುರುಷರಿಗಿಂತ ಕ್ಯಾಡ್ಮಿಯಂ ಹೆಚ್ಚಿರುವುದಕ್ಕೆ ಇದೇ ಕಾರಣವೆಂದು ತಿಳಿಯಲಾಗಿದೆ. ಆದ್ದರಿಂದ ಹಿಮೋಗ್ಲೋಬಿನ್ ಜೊತೆ ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಮಟ್ಟವನ್ನೂ ಪರೀಕ್ಷಿಸಿ, ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ತುಂಬಿಕೊಳ್ಳಿ. ಬೇಳೆಕಾಳು ಮತ್ತು ಸೊಪ್ಪಿನ ಜೊತೆ ನಿಂಬೆಯಂಥ ಸಿ ಜೀವಸತ್ವದ ಮೂಲ ಇರಲಿ. ಕಾಳುಗಳನ್ನು ನೆನೆಸಿ, ಮೊಳಕೆ ಬರಿಸಿ, ಹುದುಗಿಸಿ ಬಳಸಿದರೆ ಫೈಟೇಟ್ ಇಳಿಯುತ್ತದೆ. ಚಹಾ ಕಾಫಿಗಳನ್ನು ಊಟದಿಂದ ದೂರವಿಡಿ. ಕ್ಯಾಲ್ಸಿಯಂ ಊಟದ ಜೊತೆಯಲ್ಲೇ ಬಂದರೆ ಸೀಸದ ಹೀರಿಕೆ ಕಡಿಮೆಯಾಗುತ್ತದೆ. ಆರ್ಸೆನಿಕ್ ಅನ್ನು ಮಾರ್ಪಡಿಸಿ ಹೊರಹಾಕಲು ಬಿ ಗುಂಪಿನ ಜೀವಸತ್ವವಾದ ಫೋಲೇಟ್ ನೆರವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಧೂಮಪಾನ ಬಿಡದಿದ್ದರೆ ಕ್ಯಾಡ್ಮಿಯಂ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಧೂಮಪಾನಿಗಳ ದೇಹದಲ್ಲಿ ಅದರ ಪ್ರಮಾಣ ಸೇದದವರದಕ್ಕಿಂತ ಸುಮಾರು ಎರಡು ಪಟ್ಟು.

ಎಂಟನೆಯ ಹೆಜ್ಜೆ: ಸೀಸವನ್ನು ಆಹಾರದ ಹೊರಗೂ ಹುಡುಕಿ

ಸೀಸವು ಬೇರಿನ ಮೂಲಕ ಗಿಡದೊಳಗೆ ಏರುವುದು ಕಡಿಮೆ. ಅದು ಬರುವುದು ಬಹುತೇಕ ಹೊರಗಿನ ಮಣ್ಣು, ದೂಳು, ಪಾತ್ರೆ, ಕೊಳವೆ ಮತ್ತು ಕಲಬೆರಕೆಯಿಂದ. ಕೋಕೋದಲ್ಲಿಯೂ ಕ್ಯಾಡ್ಮಿಯಂ ಮಣ್ಣಿನಿಂದ ಬಂದರೆ, ಸೀಸ ಹೆಚ್ಚಾಗಿ ಕೊಯ್ಲಿನ ನಂತರ ಬೀಜ ಒಣಗಿಸುವಾಗ ಬಿದ್ದ ದೂಳಿನಿಂದ ಬರುತ್ತದೆ. ಗೆಡ್ಡೆಗಳನ್ನು ಉಜ್ಜಿ ತೊಳೆದು ಸಿಪ್ಪೆ ತೆಗೆಯಿರಿ, ಸೊಪ್ಪನ್ನು ಹಲವು ನೀರಿನಲ್ಲಿ ತೊಳೆಯಿರಿ. ಹುಣಸೆ, ಟೊಮ್ಯಾಟೊ, ವಿನೆಗರ್ ಹಾಕಿದ ಅಡುಗೆಯನ್ನು ಮೂಲ ತಿಳಿಯದ ಬಣ್ಣದ ಪಿಂಗಾಣಿಯಲ್ಲಿ, ಗುಜರಿ ಲೋಹ ಕರಗಿಸಿ ಮಾಡಿದ ಪಾತ್ರೆಗಳಲ್ಲಿ ಇಡಬೇಡಿ. ರಾತ್ರಿಯಿಡೀ ಹಳೆಯ ಕೊಳವೆಯಲ್ಲಿ ನಿಂತ ನೀರನ್ನು ಬೆಳಗ್ಗೆ ಸ್ವಲ್ಪ ಹೊತ್ತು ಹರಿಯಬಿಟ್ಟು, ತಣ್ಣೀರನ್ನೇ ಅಡುಗೆಗೆ ಹಿಡಿಯಿರಿ.

ಮಸಾಲೆ ಪುಡಿಗಳಲ್ಲಿ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವುದು ನಿಜವಾದ ಅಪಾಯ. 2023ರಲ್ಲಿ ಅಮೆರಿಕದಲ್ಲಿ ಮಾರಾಟವಾದ ದಾಲ್ಚಿನ್ನಿ ಬೆರೆತ ಸೇಬಿನ ತಿರುಳಿನಿಂದ ನೂರಾರು ಮಕ್ಕಳ ರಕ್ತಕ್ಕೆ ಸೀಸ ಸೇರಿತು. ಇದನ್ನು ತಡೆಯಬಹುದು ಎಂಬುದಕ್ಕೂ ಸಾಕ್ಷಿಯಿದೆ: ಬಾಂಗ್ಲಾದೇಶದ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ 2019ರಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತ್ತು, ಸರ್ಕಾರದ ಕ್ರಮದ ನಂತರ 2021ರಲ್ಲಿ ಅದು ಸೊನ್ನೆಗಿಳಿಯಿತು. ಅತಿಯಾಗಿ ಹೊಳೆಯುವ ಪುಡಿಗಿಂತ ಇಡೀ ಮಸಾಲೆ ಕೊಂಡು ಪುಡಿಮಾಡುವುದು ಮೇಲು, ಆದರೆ ಕೊಂಬಿಗೂ ಬಣ್ಣ ಹಚ್ಚುವವರಿದ್ದಾರೆ ಎಂಬುದು ನೆನಪಿರಲಿ.

ಒಂಬತ್ತನೆಯ ಹೆಜ್ಜೆ: ಮಕ್ಕಳ ತಟ್ಟೆಗೆ ಬೇರೆ ಲೆಕ್ಕ ಇಡಿ

ಚಿಕ್ಕ ಮಕ್ಕಳು ತಿಂದ ಸೀಸದಲ್ಲಿ ಸುಮಾರು ಅರ್ಧವನ್ನು ಹೀರಿಕೊಳ್ಳುತ್ತಾರೆ, ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ತಿನ್ನುತ್ತಾರೆ, ಅದೂ ಕೆಲವೇ ಪದಾರ್ಥಗಳನ್ನು ದಿನವೂ ತಿನ್ನುತ್ತಾರೆ. ಆದ್ದರಿಂದ ಮೊದಲ ಘನ ಆಹಾರವೆಂದು ಅಕ್ಕಿಯ ಪುಡಿಯೊಂದನ್ನೇ ತಿಂಗಳುಗಟ್ಟಲೆ ಉಣಿಸದೆ ಬೇರೆ ಧಾನ್ಯಗಳನ್ನೂ ಸೇರಿಸಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಶಿಶುಗಳ ಅಕ್ಕಿ ಆಹಾರಕ್ಕೆ ಕಿಲೋಗೆ 100 ಮೈಕ್ರೋಗ್ರಾಂ ನಿರವಯವ ಆರ್ಸೆನಿಕ್ ಎಂಬ ಮಟ್ಟವನ್ನು ಇಟ್ಟಿದೆ. ಹಾಲಿನ ಬದಲಿಗೆ ಅಕ್ಕಿಯ ಪಾನೀಯವನ್ನು ಐದು ವರ್ಷದೊಳಗಿನವರಿಗೆ ಕೊಡಬಾರದೆಂದು ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ. ಗರ್ಭಿಣಿಯರಿಗೆ ಮಣ್ಣು, ಜೇಡಿ ತಿನ್ನುವ ಬಯಕೆ ಬಂದರೆ ಅದನ್ನು ಬಯಕೆಯೆಂದು ಬಿಡದೆ ವೈದ್ಯರಿಗೆ ತಿಳಿಸಬೇಕು. ಹಲವು ಬಾರಿ ಅದು ಕಬ್ಬಿಣದ ಕೊರತೆಯ ಲಕ್ಷಣ, ಆ ಮಣ್ಣಿನಲ್ಲಿ ಸೀಸವೂ ಇರಬಹುದು.

ಹತ್ತನೆಯ ಹೆಜ್ಜೆ: ಪರೀಕ್ಷೆ ಬೇಕಾದರೆ ಸರಿಯಾದುದನ್ನೇ ಮಾಡಿಸಿ

ಸೀಸಕ್ಕೆ ಮತ್ತು ಮೀಥೈಲ್ ಪಾದರಸಕ್ಕೆ ರಕ್ತ, ದೀರ್ಘಕಾಲದ ಕ್ಯಾಡ್ಮಿಯಂಗೆ ಮೂತ್ರ, ಆರ್ಸೆನಿಕ್‌ಗೆ ರೂಪಗಳನ್ನು ಬೇರ್ಪಡಿಸಿ ಅಳೆಯುವ ಮೂತ್ರ ಪರೀಕ್ಷೆ ಸೂಕ್ತ. ಆರ್ಸೆನಿಕ್ ಪರೀಕ್ಷೆಗೆ ಮುನ್ನ ಕೆಲವು ದಿನ ಮೀನು, ಸೀಗಡಿ, ಕಡಲಕಳೆಗಳನ್ನು ಬಿಡದಿದ್ದರೆ ನಿರುಪದ್ರವಿ ರೂಪವೇ ಸಂಖ್ಯೆಯನ್ನು ಉಬ್ಬಿಸಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಲೋಹವನ್ನು ಸೆಳೆಯುವ ಔಷಧ ಮೊದಲೇ ಕೊಟ್ಟು ಮಾಡುವ ಮೂತ್ರ ಪರೀಕ್ಷೆಯ ಫಲಿತಾಂಶವನ್ನು ಸಾಮಾನ್ಯ ಮಟ್ಟಗಳೊಂದಿಗೆ ಹೋಲಿಸಲಾಗದು; ಅದನ್ನು ತೋರಿಸಿ ದುಬಾರಿ ಚಿಕಿತ್ಸೆ ಮಾರುವವರಿಂದ ದೂರವಿರಿ. ಸೊಪ್ಪಿನ ರಸ ಕುಡಿದು ಲೋಹ ತೊಳೆದುಹೋಯಿತು ಎನ್ನುವುದಕ್ಕೆ ಮನುಷ್ಯರಲ್ಲಿ ಒಪ್ಪುವಂಥ ಪುರಾವೆಯಿಲ್ಲ. ಔಷಧದಿಂದ ಲೋಹವನ್ನು ಸೆಳೆದು ಹೊರಹಾಕುವ ನಿಜವಾದ ಚೆಲೇಷನ್ ಚಿಕಿತ್ಸೆ ತೀವ್ರ ವಿಷಪ್ರಾಶನಕ್ಕೆ, ಆಸ್ಪತ್ರೆಯ ನಿಗಾದಲ್ಲಿ ಕೊಡುವಂಥದ್ದು.

ವರದಿಯಲ್ಲಿ ಯಾವುದಾದರೂ ಲೋಹ ಹೆಚ್ಚಿದ್ದರೆ ಎರಡನೆಯ ಹೆಜ್ಜೆಯಲ್ಲಿ ಬರೆದಿಟ್ಟ ಪಟ್ಟಿಯನ್ನು ವೈದ್ಯರ ಮುಂದಿಡಿ. ಮರುಪರೀಕ್ಷೆಯ ಸಮಯವನ್ನು ಆಯಾ ಲೋಹದ ಸ್ವಭಾವಕ್ಕೆ ತಕ್ಕಂತೆ ಇಟ್ಟುಕೊಳ್ಳಿ: ಆರ್ಸೆನಿಕ್ ಮೂಲ ಬದಲಾದರೆ ಕೆಲವೇ ವಾರಗಳಲ್ಲಿ, ಪಾದರಸ ಮತ್ತು ಸೀಸಕ್ಕೆ ಎರಡು ಮೂರು ತಿಂಗಳ ನಂತರ ಮತ್ತೆ ಅಳೆದು ನೋಡಬಹುದು. ಕ್ಯಾಡ್ಮಿಯಂ ಅಷ್ಟು ಬೇಗನೆ ಇಳಿಯುವುದಿಲ್ಲ. ಅಲ್ಲಿ ವೈದ್ಯರು ಗಮನಿಸುವುದು ಸಂಖ್ಯೆ ಇನ್ನೂ ಏರುತ್ತಿದೆಯೇ ಮತ್ತು ಮೂತ್ರಪಿಂಡದ ಕೆಲಸ ಸರಿಯಿದೆಯೇ ಎಂಬುದನ್ನು.